ಮೊಸರನ್ನ ಮತ್ತು ಹುಣಸೆ ಬೀಜ

ನಮ್ಮ ಊರಿನಲ್ಲಿ ಕಾರಿನ ಹೊಗೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುತ್ತದೆ. ಯಾರ ಕಾರಿನದೋ ಅವರ ಮನೆಗೇ ಬರುತ್ತದೆ, ತಪ್ಪಿಯೂ ಪಕ್ಕದ ಮನೆ ಹೊಗುವುದಿಲ್ಲ. ಹಗಲೆಲ್ಲ ಬೀದಿಯಲ್ಲಿ ಬಿಟ್ಟದ್ದು ಒಟ್ಟಾಗಿ, ಬೆಳಕಿಂಡಿಯಿಂದ ಇಳಿದು ಪಡಸಾಲೆಯ ತೊಲೆಗಳಿಗೆ ಆತುಕೊಂಡು ಕೂರುತ್ತದೆ. ಬೆಳಗಾಗುವಷ್ಟರಲ್ಲಿ ಕರಗುತ್ತದೆ, ಮಸಿ ಮಾತ್ರ ಉಳಿಯುತ್ತದೆ. ಆ ಹೊತ್ತಿಗೆ ಮನೆಯಲ್ಲಿ ಯಾರಾದರೂ ಇದ್ದು ಬೆಳಕಿಂಡಿ ತೆರೆಯಬೇಕು. ತೆರೆಯದಿದ್ದರೆ ಅದು ಮಾಳಿಗೆಯ ಮೇಲೆ ಸುತ್ತುತ್ತ ಇಡೀ ಓಣಿಗೆ ಕೆಮ್ಮು ಹಚ್ಚುತ್ತದೆ, ಮಾರನೆಯ ದಿನ ನೀರಿನ ನಲ್ಲಿಯ ಹತ್ತಿರ ಹೆಂಗಸರು ಮರ್ಯಾದೆ ತೆಗೆಯುತ್ತಾರೆ. ಹೆಣ್ಣು ಕೊಡುವವರು ನಮ್ಮಲ್ಲಿ ಹುಡುಗನ ಮುಖ ನೋಡುವ ಮೊದಲು ತಲೆಯೆತ್ತಿ ತೊಲೆ ನೋಡುತ್ತಾರೆ. ಹೀಗಾಗಿ ನಮ್ಮ ಕಾರುಗಳೆಲ್ಲ ಪುಟ್ಟವು. ಚರಿಗೆ ತುಂಬ ಪೆಟ್ರೋಲು ಹಾಕಿದರೆ ಸಂತೆಗೆ ಹೋಗಿ ಬಂದು, ಬೀಗರ ಮನೆಗೂ ಒಂದು ಸುತ್ತು ಹಾಕಬಹುದು. ಒಳಗೆ ಕೂತವರ ಮೊಣಕಾಲು ಗದ್ದಕ್ಕೆ ತಾಗುತ್ತದೆ, ಅದನ್ನು ಯಾರೂ ಕೊರತೆ ಅಂದುಕೊಂಡಿಲ್ಲ.

ಹೊಗೆ ಬರಿಗೈಯಲ್ಲಿ ಬರುವುದಿಲ್ಲ. ಎಲ್ಲೆಲ್ಲಿ ಹೋಗಿತ್ತೋ ಅಲ್ಲಲ್ಲಿನ ವಾಸನೆ ಹೊತ್ತು ತರುತ್ತದೆ. ಹೊಲಕ್ಕೆ ಹೋಗಿ ಬಂದೆ ಎಂದು ಹೇಳಿ ಇಸ್ಪೀಟು ಆಡಲು ಹೋದ ಗಂಡ ಊಟಕ್ಕೆ ಕೂರುವ ಮೊದಲೇ ಸಿಕ್ಕಿಬೀಳುತ್ತಾನೆ, ಕ್ಲಬ್ಬಿನ ಬೀಡಿ ವಾಸನೆ ತೊಲೆಯ ಮೇಲಿಂದ ಸಾಕ್ಷಿ ಹೇಳುತ್ತಿರುತ್ತದೆ. ಒಳ್ಳೆಯದಕ್ಕೂ ಇದು ಬರುತ್ತದೆ. ಬೇರೆ ಊರಿನಲ್ಲಿ ಮದುವೆ ಗೊತ್ತಾದರೆ, ಕೂಸು ಹುಟ್ಟಿದರೆ ಸೈಲೆನ್ಸರಿನ ಬಾಯಿಗೆ ಚಿಟಿಕೆ ಸಕ್ಕರೆ ಹಾಕಿ ಎಂಜಿನ್ ಚಾಲೂ ಮಾಡುತ್ತಾರೆ. ಸುಟ್ಟ ಸಕ್ಕರೆಯ ಘಮ ಮನೆ ಮುಟ್ಟಿದರೆ ಅಜ್ಜಿಯರು ಅಲ್ಲಿಯೇ ಸೋಬಾನೆ ಶುರು ಮಾಡುತ್ತಾರೆ.

ನಾನು ಗುರುಸಿದ್ದಪ್ಪ, ಊರಿನ ಹೊಗೆ ಪರೀಕ್ಷಕ. ಹೊಸ ಕಾರು ರಸ್ತೆಗೆ ಇಳಿಯಬೇಕಾದರೆ ನನ್ನ ನಾಲಗೆ ದಾಟಿಯೇ ಇಳಿಯಬೇಕು. ಮುಚ್ಚಿದ ಕೊಟ್ಟಿಗೆಯಲ್ಲಿ ಕಾರಿನ ಎಂಜಿನ್ ಓಡುತ್ತಿರುತ್ತದೆ, ನಾನು ಸೈಲೆನ್ಸರಿನ ಹಿಂದೆ ಮಣೆ ಹಾಕಿಕೊಂಡು ಒಂದು ತಟ್ಟೆ ಮೊಸರನ್ನ ಉಣ್ಣುತ್ತೇನೆ. ಮೊಸರನ್ನ ಕಳ್ಳ ಪದಾರ್ಥ, ಅಕ್ಕಪಕ್ಕದ ಯಾವ ವಾಸನೆಯನ್ನೂ ಬಿಡದೆ ಹೀರಿಕೊಳ್ಳುತ್ತದೆ. ಕೊನೆಯ ತುತ್ತಿನವರೆಗೂ ಮೊಸರು ಮೊಸರಾಗಿಯೇ ಇದ್ದರೆ ಪಾಸು. ಹೊಗೆ ನಾಲಗೆಗೆ ಸಿಕ್ಕಿದರೆ ಫೇಲು. ಈ ನೌಕರಿಗೆ ಸೇರಿದಾಗಿನಿಂದ ಉಪ್ಪಿನಕಾಯಿ ಇಲ್ಲ, ಎಲೆಅಡಿಕೆ ಇಲ್ಲ, ಖಾರ ಚಟ್ನಿ ಇಲ್ಲ. ನನ್ನ ಸಿಟ್ಟಿನ ಸ್ವಭಾವಕ್ಕೆ ಇದೇ ಕಾರಣ ಎಂದು ಹೆಂಡತಿ ಈರವ್ವ ಎಲ್ಲರ ಮುಂದೆ ಹೇಳುತ್ತಾಳೆ. ಹೇಳಲಿ. ಊರಿನ ತೊಲೆಗಳು ಬೆಳ್ಳಗಿರುವುದು ನನ್ನ ದೆಸೆಯಿಂದ.

ಹೊಳೆಯ ಸೇತುವೆ ದಾಟಿದರೆ ಬೇರೆ ದೇಶ. ಅಲ್ಲಿ ಹೊಗೆಗೆ ಮನೆಯಿಲ್ಲ, ಗಾಳಿ ಒಯ್ದ ಕಡೆ ಹೋಗುತ್ತದೆ. ಅದಕ್ಕೇ ಅವರ ಕಾರುಗಳು ಗೋಡೌನಿನಷ್ಟು ದೊಡ್ಡವು, ದಪ್ಪ ಕಬ್ಬಿಣದವು. ಅಂಥವು ಒಂದಕ್ಕೊಂದು ಗುದ್ದಿದರೆ ಗತಿಯೇನು ಎಂದು ಅವರ ಕಾನೂನು ಬೇರೆಯ ದಾರಿ ಹಿಡಿದಿದೆ. ಸೇತುವೆಯ ಆ ತುದಿಯ ಇಳಿಜಾರಿನಿಂದ ಕಾರನ್ನು ಬಿಟ್ಟು ಕಲ್ಲಿನ ಗೋಡೆಗೆ ಗುದ್ದಿಸುತ್ತಾರೆ. ಆಮೇಲೆ ಪರೀಕ್ಷಕರು ಜೇಬಿನಿಂದ ಹುಣಸೆ ಬೀಜ ತೆಗೆದು ಕಾರಿನ ಮೈಮೇಲೆಲ್ಲ ಇಟ್ಟು ನೋಡುತ್ತಾರೆ. ಎಲ್ಲಿಯಾದರೂ ಬೀಜ ನಿಲ್ಲುವಷ್ಟು ತಗ್ಗು ಬಿದ್ದಿದ್ದರೆ ಫೇಲು. ನಮ್ಮ ಕಾರು ಅಲ್ಲಿ ಹೋಗುವಂತಿಲ್ಲ, ಅವರ ಕಾರು ಇಲ್ಲಿ ಬರುವಂತಿಲ್ಲ. ನಾಲಗೆಯಲ್ಲಿ ಕಾನೂನು ಇಟ್ಟುಕೊಂಡವರು ಎಂದು ಅವರು ನಮ್ಮನ್ನು ನೋಡಿ ನಗುತ್ತಾರೆ, ಹುಣಸೆ ಬೀಜದವರು ಎಂದು ನಾವು ಅವರನ್ನು ನೋಡಿ ನಗುತ್ತೇವೆ. ಎರಡೂ ಕಡೆ ಹೋಗಬೇಕಾದವರು ಸೇತುವೆಯ ನಡುವಿನ ಕಟ್ಟೆಯ ಹತ್ತಿರ ಈ ಕಾರಿನಿಂದ ಇಳಿದು, ನಾಲ್ಕು ಹೆಜ್ಜೆ ನಡೆದು, ಆ ಕಾರು ಹತ್ತುತ್ತಾರೆ. ಹತ್ತಿ ಇಳಿಯುವುದೇನು ಮಹಾ ಕೆಲಸ ಎಂದು ನಾನೂ ಅಂದುಕೊಂಡಿದ್ದೆ.

ಬಾಣಂತನಕ್ಕೆ ಬಂದ ಮಗಳು ದಾನಮ್ಮನಿಗೆ ಏಳನೆಯ ತಿಂಗಳಲ್ಲಿ ರಕ್ತ ಕಾಣಿಸಿಕೊಂಡಿತು. ನಮ್ಮ ಊರಿನ ನರ್ಸಮ್ಮ ನೋಡಿ, ಮಾಸು ಕೂಸಿಗಿಂತ ಕೆಳಗೆ, ಹೆರಿಗೆಯ ದಾರಿಗೆ ಅಡ್ಡ ಕೂತಿದೆ, ಇನ್ನು ಮೇಲೆ ಇವಳು ಮಲಗಿದಲ್ಲಿಂದ ಏಳಬಾರದು, ಹೆರಿಗೆ ಆಚೆಯ ದೇಶದ ದೊಡ್ಡಾಸ್ಪತ್ರೆಯಲ್ಲೇ ಆಗಬೇಕು ಎಂದಳು. ಅಂಥ ಆಸ್ಪತ್ರೆ ನಮ್ಮ ಕಡೆ ಇಲ್ಲ. ಇರುವುದು ಸೇತುವೆಯಿಂದಾಚೆ ಗುಡ್ಡ ಹತ್ತಿಳಿದು ಹೋದ ಮೇಲೆ.

"ಇಲ್ಲಿ ಒಮ್ಮೆ ಕಾರಿನ್ಯಾಗ ಮಲಗಿಸಿದ್ರ ಅಲ್ಲಿ ಆಸ್ಪತ್ರಿ ಬಾಗಲದಾಗೇ ಇಳಿಸಬೇಕ್ರಿ," ಎಂದಳು ನರ್ಸಮ್ಮ. "ನಡುವ ಎತ್ತಿ ಇಳಿಸಿ ಮಾಡಿದ್ರ ರಕ್ತ ನಿಲ್ಲಂಗಿಲ್ಲ. ಹೋದ ವರ್ಷ ಕಟ್ಟಿ ಮ್ಯಾಲ ಏನಾತು ಗೊತ್ತೈತೆಲ್ಲ ನಿಮಗ."

ಗೊತ್ತಿತ್ತು. ಹಿಟ್ಟಿನ ಗಿರಣಿಯವರ ಸೊಸೆ ಒಂದು ಕಾರಿನಿಂದ ಇನ್ನೊಂದು ಕಾರಿಗೆ ಹೋಗುವ ನಡುವೆ ಆ ಕಟ್ಟೆಯ ಮೇಲೆಯೇ ಹೋಗಿಬಿಟ್ಟಿದ್ದಳು, ಹೊಟ್ಟೆಯಲ್ಲಿದ್ದ ಕೂಸಿನ ಸಮೇತ. ಆವತ್ತು ನಾನು ಅಯ್ಯೋ ಪಾಪ ಎಂದು ಮನೆಗೆ ಬಂದು ಮೊಸರನ್ನ ಉಂಡಿದ್ದೆ. ಈಗ ಅದೇ ಕಟ್ಟೆ ಕಣ್ಣು ಮುಚ್ಚಿದರೂ ಕಾಣತೊಡಗಿತು.

ಕಾರು ಮಾಡುವ ಕಲ್ಲವ್ವನ ಹತ್ತಿರ ಹೋದೆ. ಕಲ್ಲವ್ವ ಮೇದಾರರ ಹೆಣ್ಣುಮಗಳು, ಬುಟ್ಟಿ ತೊಟ್ಟಿಲು ಹೆಣೆಯುವ ಮನೆಯವಳು. ಮೊದಲು ಕಾರಿನ ಸೀಟು ಹೆಣೆಯುತ್ತಿದ್ದಳು, ಆಮೇಲೆ ಕಾರನ್ನೇ ಮಾಡತೊಡಗಿದಳು. ಅವಳ ಬಾಯಿ ಅವಳ ಎಂಜಿನ್ನಿಗಿಂತ ಜೋರು. ತನ್ನಂಥ ಕೈ ಎರಡೂ ದೇಶದಲ್ಲಿ ಇಲ್ಲ ಎಂದು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ನನಗೆ ಈ ಜಂಬ ಆಗಿಬರುತ್ತಿರಲಿಲ್ಲ. ಆದರೆ ಅವಳ ಒಂದೇ ಒಂದು ಕಾರನ್ನೂ ಫೇಲು ಮಾಡಲು ನನಗೆ ಅಲ್ಲಿಯವರೆಗೆ ಆಗಿರಲಿಲ್ಲ.

ನಾನು ಎಲ್ಲ ಹೇಳಿದೆ. ಅವಳು ಬಿದಿರು ಸೀಳುವುದನ್ನು ನಿಲ್ಲಿಸಿದಳು.

"ಅಂದ್ರ ನಿಮಗ ಮೊಸರನ್ನಾನೂ ದಾಟಬೇಕು, ಹುಣಸಿ ಬೀಜಾನೂ ದಾಟಬೇಕು, ಅಂಥ ಕಾರು ಬೇಕು."

"ಹೌದವಾ. ಆಗತೈತೇನು?"

"ಇಲ್ಲೀತನಾ ಯಾರೂ ಮಾಡಿಲ್ಲ. ನಾ ಮಾಡ್ತೀನಿ. ದಾನವ್ವ ನನ್ನ ಕೈಯಾಗ ಆಡಿದ ಕೂಸು ಅಣ್ಣಾ, ನೀವು ಅಳಬ್ಯಾಡ್ರಿ ಮತ್ತ, ನಿಮ್ಮ ಮುಖಕ್ಕ ಒಪ್ಪಂಗಿಲ್ಲ."

ಅವಳು ಮೊದಲು ಮಾಡಿದ್ದು ಎರಡೂ ದಡದ ಜನ ತಲೆತಲಾಂತರದಿಂದ ಮಾಡುತ್ತ ಬಂದ ತಪ್ಪನ್ನೇ. ಕಾರಿಗೆ ಪೆಟ್ಟಾಗದಿದ್ದರೆ ಒಳಗಿದ್ದವರಿಗೂ ಆಗುವುದಿಲ್ಲ ಎಂದು ನಾವೆಲ್ಲ ನಂಬಿದ್ದೆವು. ಪುಟ್ಟ ಕಾರಿಗೆ ಸುತ್ತಲೂ ದಪ್ಪ ತಗಡು ಬಡಿದಳು, ಮುಂದೆ ಕಬ್ಬಿಣದ ಬಂಪರು ಕೂಡಿಸಿದಳು. ಹಿಂದಿನ ಸೀಟು ಕಿತ್ತು ದಾನಮ್ಮ ಉದ್ದಕ್ಕೆ ಮಲಗುವಂತೆ ಬೆತ್ತದ ಹಾಸಿಗೆ ಹೆಣೆದಳು. ನೋಡಲು ಗಟ್ಟಿಮುಟ್ಟಾದ ಕಾರು. ಅದನ್ನು ನನ್ನ ಕೊಟ್ಟಿಗೆಗೆ ತಂದ ದಿನ ಈರವ್ವ ತಾನೇ ಅನ್ನ ಕಲಸಿ ಕೊಟ್ಟು ಬಾಗಿಲ ಹತ್ತಿರ ನಿಂತಳು. ಎಂಜಿನ್ ಆ ಭಾರಕ್ಕೆ ಏದುಸಿರು ಬಿಡುತ್ತಿತ್ತು. ಅರ್ಧ ತಟ್ಟೆಗೆ ಬಂದಾಗ ನಾಲಗೆಯ ತುದಿಗೆ ಹೊಗೆ ಸಿಕ್ಕಿತು.

ನುಂಗಿಬಿಡಬಹುದಿತ್ತು. ನನ್ನ ನಾಲಗೆಗೆ ಸಿಕ್ಕದ್ದು ಇನ್ನೊಬ್ಬರಿಗೆ ಸಿಕ್ಕುವುದಿಲ್ಲ, ಕೇಳುವವರು ಯಾರೂ ಇರಲಿಲ್ಲ. ಆದರೆ ಆ ತುತ್ತನ್ನು ಉಗುಳಿದೆ. ಹೊರಗೆ ಬಂದು ಫೇಲು ಎಂದೆ.

"ಸ್ವಂತ ಮಗಳ ಕಾರು ಅದು!" ಎಂದಳು ಈರವ್ವ. "ಕಲ್ಲು ತಿಂದು ಹುಟ್ಟೀರೇನ್ರಿ ನೀವು?"

ಕಲ್ಲವ್ವ ಸಿಟ್ಟಾಗುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅವಳು ಈರವ್ವನ ಭುಜ ಹಿಡಿದು, "ಅಕ್ಕಾ, ಅಣ್ಣ ಸುಳ್ಳು ಹೇಳಿದ್ರ ನಾ ಅದ ಕೆಟ್ಟ ಕಾರು ತಗೊಂಡು ಗುಡ್ಡ ಹತ್ತಿಸ್ತಿದ್ನಿ. ಈ ಭಾರಕ್ಕ ಅದು ನಡುದಾರ್ಯಾಗ ನಿಲ್ತಿತ್ತು. ಛಲೋ ಆತು ಬಿಡು," ಎಂದಳು. ಅವತ್ತಿನಿಂದ ನಾನು ಅವಳ ಜಂಬವನ್ನು ಸಹಿಸತೊಡಗಿದೆ. ಜಂಬ ಪಡಲು ಯೋಗ್ಯತೆ ಇರುವವರು ಪಟ್ಟರೆ ತಪ್ಪೇನು?

ಮರುದಿನದಿಂದ ಅವಳು ಅಂಗಡಿ ಬಾಗಿಲು ಹಾಕಿಕೊಂಡು ಕೂತಳು. ತಗಡೆಲ್ಲ ಕಿತ್ತೆಸೆದಳು. ಒಮ್ಮೆ ನಾನು ಹೋದಾಗ ಅವಳು ಮಾಳಿಗೆಯ ಮೇಲಿಂದ ಬುಟ್ಟಿಗಳನ್ನು ಒಂದೊಂದಾಗಿ ಕೆಳಗೆ ಎಸೆಯುತ್ತಿದ್ದಳು. ಒಳಗೆ ಕೋಳಿಮೊಟ್ಟೆ ಇಟ್ಟಿದ್ದಳು.

"ನೋಡ್ರಿ ಅಣ್ಣಾ. ಬಿಗಿ ಹೆಣೆದ ಬುಟ್ಟಿ ಮುಕ್ಕಾಗಿಲ್ಲ, ಮೊಟ್ಟಿ ಒಡದೈತಿ. ಈ ಸಡಿಲ ಬುಟ್ಟಿ ಚಪ್ಪಟಿ ಆಗೈತಿ, ಮೊಟ್ಟಿ ಹಂಗ ಐತಿ. ಯಾರರ ಒಬ್ರು ಪೆಟ್ಟು ತಿನ್ನಬೇಕು. ಬುಟ್ಟಿ ತಿಂದ್ರ ಮೊಟ್ಟಿ ಉಳಿತೈತಿ."

ಅವಳು ಅದೇ ಪ್ರಕಾರ ಕಾರು ಮಾಡಿದಳು. ಜನ ಕೂರುವ, ಮಲಗುವ ಜಾಗಕ್ಕೆ ಮಾತ್ರ ತೆಳ್ಳನೆಯ ಉಕ್ಕಿನ ಕೊಳವೆಗಳ ಗಟ್ಟಿ ಪಂಜರ. ಮುಂದಿನ ಮೂತಿಗೆ, ಹಿಂದಿನ ಬೆನ್ನಿಗೆ ಬೆತ್ತದ ಸಡಿಲ ಹೆಣಿಗೆ, ಮೇಲೆ ಮೆತ್ತನೆಯ ತಗಡು. ಒಂದೇ ಥರದ್ದು ಎರಡು ಮಾಡಿದಳು. ಯಾಕೆ ಎಂದು ಕೇಳಿದರೆ, "ಗೋಡಿಗೊಂದು, ದಾನವ್ವಗೊಂದು," ಎಂದಳು. ನಾನು ಎರಡರ ಹಿಂದೆಯೂ ಕೂತು ಎರಡು ತಟ್ಟೆ ಅನ್ನ ಉಂಡೆ. ತಣ್ಣಗಿನ ಮೊಸರು, ಉಪ್ಪು, ಕರಿಬೇವು, ಬೇರೇನೂ ಇಲ್ಲ. ಕೊನೆಯ ತುತ್ತು ಮುಗಿಸಿ ತಟ್ಟೆ ಹಿಡಿದುಕೊಂಡೇ ಕಣ್ಣೀರು ಹಾಕಿದೆ, ಮುಖಕ್ಕೆ ಒಪ್ಪುತ್ತದೋ ಇಲ್ಲವೋ ನೋಡಲಿಲ್ಲ.

ಗೋಡೆಯ ಪರೀಕ್ಷೆಗೆ ಕಾರನ್ನು ಎಂಜಿನ್ ಆರಿಸಿ, ಕೈಯಿಂದ ತಳ್ಳಿಕೊಂಡು ಸೇತುವೆ ದಾಟಿಸಿದೆವು. ಖಾಲಿ ಕಾರನ್ನು ತಳ್ಳಿಕೊಂಡು ಹೋದರೆ ಅದು ಕಾರಲ್ಲ ಸಾಮಾನು, ಎಂದು ಎರಡೂ ದೇಶದ ಕಾನೂನು ಅದೊಂದು ವಿಷಯಕ್ಕೆ ಒಪ್ಪಿವೆ. ಆ ಕಡೆಯ ಪರೀಕ್ಷಕರು ಧರಣೇಂದ್ರಯ್ಯ ಎಂಬ ಹಿರಿಯರು, ಇಸ್ತ್ರಿ ಮಾಡಿದ ಅಂಗಿ, ಮೆಲುಮಾತು. ಅವರ ಕಪ್ಪು ಕಾರು ಪಕ್ಕದಲ್ಲಿ ನಿಂತಿತ್ತು, ಮೈಯಲ್ಲಿ ಮುಖ ಕಾಣುವಷ್ಟು ಒರೆಸಿಟ್ಟಿದ್ದರು. ಅವರ ಆಳುಗಳು ಕಲ್ಲವ್ವನ ಕಾರು ನೋಡಿ, ಇದು ಕಾರೋ ಕುಕ್ಕೆಯೋ ಎಂದು ನಕ್ಕರು. ಚಾಲಕನ ಸೀಟಿಗೆ ಮರಳಿನ ಚೀಲ ಕಟ್ಟಲು ಹೋದರು.

"ಚೀಲ ತಗೀರಿ," ಎಂದಳು ಕಲ್ಲವ್ವ. "ನಾ ಕೂಡ್ರತೀನಿ."

ಧರಣೇಂದ್ರಯ್ಯ ಗಾಬರಿಯಾದರು. "ಹಾಗೆಲ್ಲ ಮಾಡೋದಕ್ಕಾಗಲ್ಲಮ್ಮ. ನಾವು ಯಾವತ್ತೂ ಜನರನ್ನ ಕೂರಿಸಿಲ್ಲ."

"ಅದಕ್ಕ ನೋಡ್ರಿ ನಿಮಗ ಗೊತ್ತಾಗಿಲ್ಲ. ಚೀಲಕ್ಕ ಹೆರಿಗಿ ಆಗಂಗಿಲ್ರೀ ಸಾಹೇಬ್ರ. ಜನ ಕೂಡ್ರಬಾರ್ದು ಅಂತ ನಿಮ್ಮ ಕಾನೂನಿನ್ಯಾಗ ಐತೇನು?"

ಇರಲಿಲ್ಲ. ಹಾಗೆ ಯಾರಾದರೂ ಕೇಳಬಹುದು ಎಂದು ಕಾನೂನು ಮಾಡಿದವರಿಗೆ ಹೊಳೆದೇ ಇರಲಿಲ್ಲ. ನಾನು ಅವಳ ಕೈ ಹಿಡಿದು ಬೇಡವೆಂದೆ. ಅವಳು ನನ್ನ ಚೀಲದಲ್ಲಿದ್ದ ಮೊಸರನ್ನದ ಗಡಿಗೆಯನ್ನು ಕಸಿದುಕೊಂಡು, ಹಿಂದಿನ ಬೆತ್ತದ ಹಾಸಿಗೆಯ ಮೇಲೆ, ದಾನಮ್ಮನ ಹೊಟ್ಟೆ ಬರುವ ಜಾಗದಲ್ಲಿ, ನೆಲುವಿಗೆ ಕಟ್ಟಿದಂತೆ ಕಟ್ಟಿ ಬಿಳಿ ಬಟ್ಟೆ ಮುಚ್ಚಿದಳು. ತಾನು ಮುಂದೆ ಕೂತು ಅಗಲವಾದ ನೇಯ್ದ ಪಟ್ಟಿಯಿಂದ ಎದೆ ಬಿಗಿದುಕೊಂಡಳು. "ಬಿಡ್ರಿ," ಎಂದು ಕೂಗಿದಳು. ಆಳುಗಳ ನಗು ಎಲ್ಲಿಯೋ ಹೋಗಿತ್ತು. ಕಾರು ಇಳಿಜಾರಿನಲ್ಲಿ ಉರುಳಿತು, ವೇಗ ಹಿಡಿಯಿತು, ಗೋಡೆಗೆ ಗುದ್ದಿತು. ನಾನು ಕಣ್ಣು ಮುಚ್ಚಿದ್ದೆ, ಸದ್ದು ಮಾತ್ರ ಕೇಳಿದೆ.

ಕಣ್ಣು ತೆರೆದಾಗ ಕಾರಿಗೆ ಮೂತಿಯೇ ಇರಲಿಲ್ಲ. ತುಳಿದ ಬುಟ್ಟಿಯ ಹಾಗೆ ಗೋಡೆಗೆ ಮೆತ್ತಿಕೊಂಡಿತ್ತು. ಆ ಧೂಳಿನಲ್ಲಿ ಬಾಗಿಲು ತೆರೆಯಿತು. ಕಲ್ಲವ್ವ ಇಳಿದಳು, ಸೆರಗು ಕೊಡವಿಕೊಂಡಳು, ಹಿಂದೆ ಹೋಗಿ ಗಡಿಗೆ ಬಿಚ್ಚಿ ತಂದಳು. ಬಿಳಿ ಬಟ್ಟೆಗೆ ಒಂದು ತೊಟ್ಟು ಮೊಸರೂ ಹತ್ತಿರಲಿಲ್ಲ.

ಧರಣೇಂದ್ರಯ್ಯ ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿ ಹುಣಸೆ ಬೀಜ ತೆಗೆದರು. ಕಾರಿನ ಮುಂದೆ ನಿಂತರು. ಅಲ್ಲಿ ಬೀಜವಲ್ಲ, ಹುಣಸೆಯ ಮೂಟೆಯೇ ನಿಲ್ಲುತ್ತಿತ್ತು. ಫೇಲು ಎನ್ನಲು ಅವರಿಗೆ ಪರೀಕ್ಷೆಯೇ ಬೇಕಿರಲಿಲ್ಲ. ಮನೆಗೆ ಹೋಗಿ ದಾನಮ್ಮನಿಗೆ ಏನು ಹೇಳಲಿ ಎಂಬುದೊಂದೇ ನನ್ನ ತಲೆಯಲ್ಲಿ.

ಅವರು ಬೀಜ ಇಡದೆ ಹಿಂದೆ ಸರಿದರು. ಆಮೇಲೆ ತಮ್ಮ ಕಪ್ಪು ಕಾರಿನ ಕಡೆ ಕೈ ತೋರಿಸಿ, ನಮಗೆ ಹೇಳುತ್ತಿದ್ದಾರೋ ತಮಗೆ ತಾವೇ ಹೇಳಿಕೊಳ್ಳುತ್ತಿದ್ದಾರೋ ತಿಳಿಯದಂತೆ ಹೇಳಿದರು. "ಇದರಲ್ಲೇ ನಮ್ಮ ಮನೆಯವರು ತೀರಿಕೊಂಡಿದ್ದು. ಎದುರಿನಿಂದ ಇಂಥದ್ದೇ ಇನ್ನೊಂದು ಬಂದು ಗುದ್ದಿತು. ನಾನೇ ಬೀಜ ಇಟ್ಟು ನೋಡಿದೆ. ಒಂದೂ ನಿಲ್ಲಲಿಲ್ಲ. ಕಾರಿಗೆ ಏನೂ ಆಗಿರಲಿಲ್ಲ. ಆಕೆ ಒಳಗೆ ಕೂತ ಹಾಗೇ ಇದ್ರು. ನಾನು ಕಾರು ಗಟ್ಟಿ ಅಂತ ಹೇಳಿಕೊಂಡು, ಇವತ್ತಿನವರೆಗೂ ಒರೆಸ್ತಾ ಬಂದಿದೀನಿ."

ಧರಣೇಂದ್ರಯ್ಯ ಬೀಜವನ್ನು ಕೈಯಲ್ಲಿ ಹಿಡಿದುಕೊಂಡೇ ಕಲ್ಲವ್ವನ ಹತ್ತಿರ ಬಂದರು.

"ನಿಮ್ಮ ಮೈಮೇಲೆ ಎಲ್ಲಾದರೂ ಪೆಟ್ಟಾಗಿದೆಯೇನಮ್ಮ? ತಲೆ, ಕತ್ತು, ಪಕ್ಕೆ? ನಿಜ ಹೇಳಬೇಕು."

"ಪಟ್ಟಿ ಬಿಗದಲ್ಲಿ ಒಂದೀಟ ನೋವೈತ್ರಿ. ಮತ್ತೇನಿಲ್ಲ."

ಅವರು ಅವಳ ಹಣೆ ನೋಡಿದರು, ಎರಡೂ ಅಂಗೈ ತಿರುವಿ ನೋಡಿದರು, ಕತ್ತು ಆ ಕಡೆ ಈ ಕಡೆ ತಿರುಗಿಸಲು ಹೇಳಿದರು. ಆಮೇಲೆ ಬೀಜವನ್ನು ಹೊಳೆಯ ಕಡೆ ಎಸೆದು ಆಳುಗಳತ್ತ ತಿರುಗಿದರು. "ಎಲ್ಲೂ ತಗ್ಗಿಲ್ಲ. ಪಾಸು. ಸೇತುವೆ ಗೇಟು ತೆಗೆದಿಡಿ, ಇವರ ಕಾರು ಯಾವ ಹೊತ್ತಿಗೆ ಬಂದರೂ ತಡೀಬೇಡಿ. ಮೇಲಿನವರಿಗೆ ನಾನು ಉತ್ತರ ಕೊಡ್ತೀನಿ." ಹೊರಡುವಾಗ, ಆ ಗಡಿಗೆಯಲ್ಲಿರುವುದನ್ನು ಸ್ವಲ್ಪ ತಿನ್ನಬಹುದೇ ಎಂದು ನನ್ನನ್ನು ಕೇಳಿದರು. ಕಟ್ಟೆಯ ಮೇಲೆ ಕೂತು ಇಬ್ಬರೂ ಉಂಡೆವು. ಎರಡು ದೇಶದ ಪರೀಕ್ಷಕರು ಒಂದೇ ಗಡಿಗೆಯಿಂದ ಉಂಡದ್ದು ಅದೇ ಮೊದಲಿರಬೇಕು.

ಕಾರು ಮಾಡಿದವರೇ ಮಾಲೀಕರಾಗುವಂತಿಲ್ಲ ಎಂದು ಅಲ್ಲಿನ ಕಾನೂನು, ಹಾಗಾಗಿ ಎರಡನೆಯ ಕಾರು ನನ್ನ ಹೆಸರಿಗೆ ಆಯಿತು. ಒಂಬತ್ತು ತುಂಬುವವರೆಗೆ ಅಲುಗಿಸಬೇಡಿ ಎಂದಿದ್ದಳು ನರ್ಸಮ್ಮ. ಅದಕ್ಕೆ ಕೆಲವು ದಿನ ಬಾಕಿಯಿರುವಾಗಲೇ ಒಂದು ಮಧ್ಯಾಹ್ನ ದಾನಮ್ಮನಿಗೆ ಮತ್ತೆ ರಕ್ತ ಕಾಣಿಸಿತು. ಚಾದರದ ಸಮೇತ ಎತ್ತಿ ಬೆತ್ತದ ಹಾಸಿಗೆಯ ಮೇಲೆ ಮಲಗಿಸಿದೆವು. ಈರವ್ವ ಅವಳ ಕಾಲ ಬಳಿ ಮುದುಡಿ ಕೂತಳು, ಕಲ್ಲವ್ವ ಸ್ಟಿಯರಿಂಗ್ ಹಿಡಿದಳು. ಪುಟ್ಟ ಕಾರು, ನಾಲ್ಕನೆಯವನಿಗೆ ಜಾಗವಿರಲಿಲ್ಲ. ಸೇತುವೆಯ ಆಚೆಯಿಂದ ಆಸ್ಪತ್ರೆಗೆ ಹೋಗುವ ಬಸ್ಸು ಬೆಳಗ್ಗೆಯೇ ಹೋಗಿಯಾಗಿತ್ತು.

"ಅಪ್ಪಾ, ನೀ ಬರಂಗಿಲ್ಲೇನು?" ಎಂದಳು ದಾನಮ್ಮ. ತುಟಿ ಬೆಳ್ಳಗಾಗಿದ್ದವು.

"ನಿಮ್ಮಪ್ಪ ಮನ್ಯಾಗಿರ್ಲಿ ತಂಗಿ," ಎಂದಳು ಕಲ್ಲವ್ವ. "ಕಾರು ಅವರ ಹೆಸರಿಲೆ ಐತಿ. ಸಂಜೀಕ ಹೊಗಿ ಬಂದ್ರ ಬೆಳಕಿಂಡಿ ತಗಿಯಾವ್ರು ಯಾರು?"

ಹೊಗೆ ಬರುತ್ತದೆ ಎಂದು ಅವಳು ಯಾವ ಧೈರ್ಯದ ಮೇಲೆ ಹೇಳಿದಳೋ. ನಮ್ಮ ಊರಿನ ಕಾರು ಅದುವರೆಗೆ ಸೇತುವೆ ದಾಟಿ ಓಡಿರಲೇ ಇಲ್ಲ. ಆ ಗಾಳಿಯಲ್ಲಿ ಬಿಟ್ಟ ಹೊಗೆ ಮನೆಯ ದಾರಿ ನೆನಪಿಟ್ಟುಕೊಳ್ಳುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ನಾನು ಹೊಳೆಯ ದಂಡೆಗೆ ಓಡಿದೆ. ಕಾರು ಕಟ್ಟೆಯ ಹತ್ತಿರ ನಿಲ್ಲದೆ, ತೆರೆದ ಗೇಟಿನೊಳಗೆ ನುಗ್ಗಿ, ಆ ದೇಶದ ರಸ್ತೆಗೆ ಇಳಿಯಿತು. ಮುಂದೆ ದಾರಿ ಬಿಡಿಸುತ್ತ ಒಂದು ಕಪ್ಪು ಕಾರು ಹೋಗುತ್ತಿದ್ದುದು ಕಂಡಿತು. ಗುಡ್ಡದ ತಿರುವಿನಲ್ಲಿ ಎರಡೂ ಮರೆಯಾದವು.

ಮನೆಗೆ ಬಂದು ದೀಪ ಹಚ್ಚಿ ಬೆಳಕಿಂಡಿ ತೆರೆದು ಕೂತೆ. ಓಣಿಯವರ ಹೊಗೆಗಳು ಒಂದೊಂದಾಗಿ ಬಂದು ಅವರವರ ಮನೆ ಸೇರಿದವು. ನನ್ನದು ಬರಲಿಲ್ಲ. ಬೆಳಗ್ಗೆ ಈರವ್ವ ಮಾಡಿಟ್ಟ ಅನ್ನಕ್ಕೆ ಮೊಸರು ಕಲಸಿದೆ, ಉಣ್ಣಲಾಗದೆ ಹಾಗೇ ಇಟ್ಟುಕೊಂಡು ಮೇಲೆ ನೋಡುತ್ತ ಕೂತೆ. ಹೊಗೆ ಎಂದರೆ ನಾನು ಜೀವಮಾನವೆಲ್ಲ ಬಾಗಿಲು ಹಾಕಿದವನು. ಅವತ್ತು ಬಾ, ಬಾ ಎಂದು ಬಾಯಿಬಿಟ್ಟು ಕರೆದೆ.

ಆಮೇಲೆ ಬಂತು. ಊದುಬತ್ತಿಯದಕ್ಕಿಂತ ತೆಳುವಾದ ಎಳೆ. ಬೆಳಕಿಂಡಿಯ ಅಂಚಿನಲ್ಲಿ ತುಸು ತಡೆದು, ಮನೆ ಇದೇ ಎಂದು ಗೊತ್ತಾದ ಹಾಗೆ ಒಳಗಿಳಿಯಿತು. ಎದ್ದು ನಿಂತು ಮೂಗು ಒಡ್ಡಿದೆ. ಹೊಳೆಯ ಪಾಚಿ ವಾಸನೆ. ಅದರ ಹಿಂದೆ ಗುಡ್ಡದ ಒಣಹುಲ್ಲು. ಅದರ ಹಿಂದೆ ಅವರ ದೊಡ್ಡ ಕಾರುಗಳ ಕಮಟು. ಎಲ್ಲಕ್ಕಿಂತ ಕೊನೆಗೆ ಫಿನಾಯಿಲು. ತಲುಪಿದ್ದಾರೆ. ನಡುದಾರಿಯಲ್ಲಿ ನಿಂತಿಲ್ಲ, ಆಸ್ಪತ್ರೆಯ ಬಾಗಿಲಿಗೆ ತಲುಪಿದ್ದಾರೆ. ಗೋಡೆಗೆ ಒರಗಿ ಕೂತೆ. ತಲುಪಿದ ಮೇಲೆ ಏನು ಎಂಬುದಕ್ಕೆ ಫಿನಾಯಿಲು ಉತ್ತರ ಹೇಳುವುದಿಲ್ಲ.

ಓಣಿಯಲ್ಲಿ ಎಲ್ಲರ ಊಟ ಮುಗಿದು, ಇನ್ನು ಬೆಳಕಿಂಡಿ ಮುಚ್ಚಬೇಕು ಎಂದು ಎದ್ದಾಗ ಇನ್ನೊಂದು ಎಳೆ ಬಂತು. ಮೊದಲಿನದಕ್ಕಿಂತ ಚಿಕ್ಕದು, ನಿಂತ ಕಾರನ್ನು ಒಂದು ಕ್ಷಣ ಚಾಲೂ ಮಾಡಿ ಆರಿಸಿದರೆ ಬರುವಷ್ಟು. ಅದು ತೊಲೆಗೆ ಹೋಗದೆ ನೇರ ನನ್ನ ತಟ್ಟೆಯ ಮೇಲೆ ಇಳಿಯಿತು. ಮೂಗಿನ ಅಗತ್ಯವೇ ಬೀಳಲಿಲ್ಲ, ಇಡೀ ಪಡಸಾಲೆ ಘಮಗುಟ್ಟಿತು. ಸುಟ್ಟ ಸಕ್ಕರೆ. ಚಿಟಿಕೆ ಅಲ್ಲ, ಕಲ್ಲವ್ವನ ಕೈ ಅದು, ಮುಷ್ಟಿ ತುಂಬ ಹಾಕಿದ್ದಳು.

ಒಬ್ಬನೇ ನಿಂತು ಸೋಬಾನೆಯ ಒಂದು ಸಾಲು ಹಾಡಿದೆ, ಮುಂದಿನದು ಬರಲಿಲ್ಲ. ಆಮೇಲೆ ಊಟಕ್ಕೆ ಕೂತೆ. ಮೊದಲ ತುತ್ತಿಗೇ ಗೊತ್ತಾಯಿತು, ಮೊಸರನ್ನಕ್ಕೆ ಹೊಗೆ ಹಿಡಿದಿತ್ತು. ಯಾವ ಲೆಕ್ಕದಲ್ಲೂ ಫೇಲು ಮಾಡಬೇಕಾದ ಅನ್ನ. ತಟ್ಟೆ ಬಳಿದು ಉಂಡೆ.